ತೆಗೆದವನು ನಾನೇ

ಕ್ರಿಸ್ಟಿಯಾನ್‌ಸುಂಡಿನಲ್ಲಿ ಜನವರಿಯ ಹಗಲು
ಒಂದು ಬೆಂಕಿಕಡ್ಡಿಯಷ್ಟು. ಗೀರಿದರೆ ಹತ್ತುತ್ತದೆ,
ಬೆರಳು ಸುಡುವ ಮೊದಲೇ ಮುಗಿಯುತ್ತದೆ.
ಕಾರ್ಖಾನೆಯಲ್ಲಿ ನಾವು ಕಾಡ್ ಮೀನಿನ ಬೆನ್ನುಮೂಳೆ ತೆಗೆದು
ಉಪ್ಪಿನಲ್ಲಿ ಹೂಳುತ್ತೇವೆ, ಪದರದ ಮೇಲೆ ಪದರ,
ವರ್ಷವಾದರೂ ಕೆಡದ ಹಾಗೆ.

ಆ ವಾರ ದೋಣಿಯೊಂದು ಮುಳುಗಿತ್ತು.
ಮೂವರು. ಮೂವರೂ ಲಿಥುವೇನಿಯಾದವರು.
ಒಬ್ಬನ ಅಕ್ಕ ನಮ್ಮದೇ ಸಾಲಿನಲ್ಲಿ, ತೂಕದ ಯಂತ್ರದ ಬಳಿ:
ಯುರ್ಗಿತಾ. ಅವಳಾಗಲೇ ವಿಮಾನ ಹತ್ತಿದ್ದಳು.

ತೂರುನ್ ಬರೆದದ್ದು ಊಟದ ಬಿಡುವಿನಲ್ಲಿ,
ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದರಲ್ಲಿ ಫೋನು:
"ಅಂತೂ ಕಂಪನಿ ಅವರಿಗೆ ಈಜು ಕಲಿಸಿತು,
ಅದೂ ಸಂಬಳ ಕೊಟ್ಟು."
ಕೊನೆಗೊಂದು ಹಳದಿ ಮುಖ, ಕಣ್ಣಲ್ಲಿ ನೀರು ಬರುವಷ್ಟು ನಗುವುದು.
ಅವಳನ್ನು ಓದುವವರು ನೂರ ಹನ್ನೊಂದು ಮಂದಿ.
ಅದರಲ್ಲಿ ನಾನೊಬ್ಬ.

ಹತ್ತು ನಿಮಿಷಕ್ಕೆ ಅಳಿಸಿದಳು.
ಅಷ್ಟರಲ್ಲಿ ನಾನು ಎರಡು ಗುಂಡಿ ಒಟ್ಟಿಗೆ ಒತ್ತಿದ್ದೆ.
ಕ್ಲಿಕ್ ಅಂದಿತು, ಏಡಿಯ ಕಾಲು ಮುರಿದ ಹಾಗೆ.
ಮೇಲೆ ಬರೆದದ್ದು ಒಂದೇ ಸಾಲು:
ಇಂಥವರೂ ನಮ್ಮ ನಡುವೆ ಇದ್ದಾರೆ.

ರಾತ್ರಿಯ ಹೊತ್ತಿಗೆ ಓಸ್ಲೋ, ಬೆಳಗಿನ ಜಾವಕ್ಕೆ ವಿಲ್ನಿಯಸ್,
ಆಮೇಲೆ ನಾನು ಹೆಸರೂ ಕೇಳದ ಊರುಗಳು.
ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ?
ಇಲ್ಲಿ ಊರೇ ಇಲ್ಲ,
ಬರೀ ಬಾಯಿ.

ಅವಳ ಮದುವೆಯ ಫೋಟೋ ಸಿಕ್ಕಿತು ಅವರಿಗೆ,
ಮನೆಯ ಬಾಗಿಲ ಬಣ್ಣ ಸಿಕ್ಕಿತು,
ಮಗಳು ಹ್ಯಾಂಡ್‌ಬಾಲ್ ಆಡುವ ಕ್ಲಬ್ಬಿನ ಹೆಸರು ಸಿಕ್ಕಿತು.
"ಆ ಹುಡುಗಿಗೂ ಈಜು ಕಲಿಸೋಣ" ಎಂದನೊಬ್ಬ.
ಅದಕ್ಕೆ ನಾಲ್ಕು ಸಾವಿರ ಕೆಂಪು ಹೃದಯ.
ಗುರುವಾರ ಮ್ಯಾನೇಜರು ತೂರುನ್‌ಳ ಗಂಬೂಟುಗಳನ್ನು
ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗೇಟಿನ ಹೊರಗೇ ಕೊಟ್ಟ.
ನಾನು ಚಾಕು ಮಸೆಯುತ್ತಿದ್ದೆ.
ಮಸೆದದ್ದನ್ನೇ ಮಸೆದೆ.

ವಾರವಿಡೀ ಜೇಬಿನಲ್ಲಿ ಫೋನು
ಜೀವವಿರುವ ಮೀನಿನಂತೆ ಮಿಡುಕಿತು.
ಭೇಷ್ ಅಂದರು, ಎದೆಗಾರ ಅಂದರು.
ಸುಳ್ಳೇಕೆ ಹೇಳಲಿ, ಹಿತವಾಗಿತ್ತು.

ಯುರ್ಗಿತಾ ಮರಳಿದ್ದು ಫೆಬ್ರವರಿಯ ಕೊನೆಗೆ.
ಕಾಫಿ ಯಂತ್ರದ ಮುಂದೆ ನಾನಾಗಿಯೇ ಹೇಳಿದೆ:
ನಿನಗೋಸ್ಕರ, ಅದನ್ನು ತೆಗೆದವನು ನಾನೇ.
ಹೇಳಿ, ಕೈಯೊಡ್ಡಿದವನಂತೆ ನಿಂತೆ.

ಸಕ್ಕರೆ ಕದಡುತ್ತಲೇ ಇದ್ದಳು.
ನಮ್ಮ ಭಾಷೆಯಲ್ಲಿ, ತಡೆತಡೆದು, ಅಂದಳು:
"ಅವಳು ಒಂದು ಸಲ ಹೇಳಿದ್ದಳು. ನನಗೆ ಕೇಳಿಸಿರಲಿಲ್ಲ.
ಆಮೇಲೆ ಬಂತು. ಚಿಕ್ಕಮ್ಮನ ಫೋನಿಗೆ, ಪಾದ್ರಿಯ ಫೋನಿಗೆ,
ಪೆಟ್ಟಿಗೆ ಮಾಡುವ ಬಡಗಿಯ ಫೋನಿಗೆ.
ಮೇಲೆ ಛೀ ಅಂತ ಇರುತ್ತಿತ್ತು, ಕೆಳಗೆ ಅದೇ ಮಾತು.
ಎಲ್ಲರೂ ನನ್ನ ಕಡೆಯವರೇ.
ಎಲ್ಲರೂ ತೌತ್ವಿದಸ್‌ಗೆ ಈಜು ಕಲಿಸಿದರು."
ಕಪ್ಪು ತೊಳೆದಿಟ್ಟು ಯಂತ್ರದ ಕಡೆ ಹೋದಳು.

ಅವಳಿಗೆ ಹೇಳದೆ ಉಳಿಸಿಕೊಂಡದ್ದು ಒಂದಿದೆ.
ಆ ಮಧ್ಯಾಹ್ನ, ಗುಂಡಿ ಒತ್ತುವ ಮೊದಲು,
ಬಾಯಲ್ಲಿ ತುತ್ತು ಇರುವಾಗಲೇ
ಮೂಗಿನಿಂದ ಪುಸ್ಸೆಂದು ಹೊರಟಿತ್ತು ಗಾಳಿ.
ನಕ್ಕಿದ್ದೆ.
ಎದುರು ಮೇಜಿನಿಂದ ತೂರುನ್ ತಲೆಯೆತ್ತಿ ನೋಡಿದ್ದಳು,
ಪಾಠ ಒಪ್ಪಿಸಿ ಶಹಬ್ಬಾಸ್ ಪಡೆದ ಮಗುವಿನಂತೆ.

ಮೊನ್ನೆ ಬಂದರು ದಾಟಿಸುವ ಪುಟ್ಟ ದೋಣಿಯಲ್ಲಿ ಸಿಕ್ಕಳು.
ಕೂದಲು ಕತ್ತರಿಸಿದ್ದಳು, ಟೊಪ್ಪಿಗೆ ಹುಬ್ಬಿನವರೆಗೆ.
ಉಳಿದದ್ದು ಒಂದೇ ಬೆಂಚು.
ಚೀಲ ಸರಿಸಿ ಜಾಗ ಮಾಡಿದಳು.
ಆ ನಗು ಕಂಡವಳು ಅವಳೊಬ್ಬಳೇ.
ಅವಳ ಕೈಯಲ್ಲೂ ಫೋನಿದೆ.
ಇಷ್ಟು ದಿನವಾದರೂ
ಎಲ್ಲೂ ಬರೆದಿಲ್ಲ.